ಇಳಿದು ತಳ್ಳುವ ಸೈಕಲ್ಲು

ಹಿಮಾಲಯ ಅಂದರೆ ಪಠ್ಯಪುಸ್ತಕ ನಮಗೆ ಹೇಳಿಕೊಟ್ಟದ್ದು ಎರಡೇ. ಋಷಿಗಳು ತಪಸ್ಸಿಗೆ ಕೂರುವ ಜಾಗ, ಇಲ್ಲವೇ ಸೈನಿಕರು ಗಡಿ ಕಾಯುವ ಜಾಗ. ಈಗ ಮೂರನೆಯದೊಂದು ಸೇರಿದೆ: ಉಳ್ಳವರು ಗೇರ್ ಸೈಕಲ್ ಹೊಡೆಯುವ ಜಾಗ. ಅವರ ಬಾಯಲ್ಲಿ ಅದು ನಿರ್ಜನ ನಾಡು, ಯಾರೂ ತುಳಿಯದ ದಾರಿ. ನಾವು ನಾಲ್ವರು, ನಾಲ್ವರೂ ಹಟ್ಟಿಯಲ್ಲಿ ಹುಟ್ಟಿದವರು, ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಅಂಥದೊಂದು ಸುತ್ತು ಹೊಡೆದು ಬಂದೆವು. ಯಾರೂ ತುಳಿಯದ ಒಂದು ಗೇಣು ನೆಲವೂ ನಮಗೆ ಸಿಗಲಿಲ್ಲ.

ಸುತ್ತು ಇಷ್ಟು. ಕಾಜಾ ಅನ್ನೋ ಪೇಟೆಯಿಂದ ಹೊರಟು ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಂಬ ಮೂರು ಹಳ್ಳಿ ಮುಟ್ಟಿ, ಮತ್ತೆ ಕಾಜಾಕ್ಕೆ ಇಳಿಯುವುದು. ಕಾಜಾನೇ ಸುಮಾರು 3,700 ಮೀಟರ್ ಎತ್ತರ. ಕೋಮಿಕ್ 4,500 ಮೀಟರಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂಥವು ಎರಡನ್ನು ಒಂದರ ಮೇಲೊಂದು ಇಟ್ಟರೂ ಕೋಮಿಕ್ ಎಟುಕೋದಿಲ್ಲ. ಮರವಿಲ್ಲ, ನೆರಳಿಲ್ಲ. ಸಮುದ್ರದ ದಡದಲ್ಲಿ ಉಸಿರಿಗೆ ಸಿಗುವ ಆಮ್ಲಜನಕದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಅಲ್ಲಿ ಸಿಗುತ್ತದೆ. ಅದಕ್ಕೇ ಮೂರು ದಿನ ಕಾಜಾದಲ್ಲೇ ಕೂತು ಮೈ ಒಗ್ಗಿಸಿಕೊಂಡೆವು. ಹಟ ಮಾಡಿ ಒಂದೇ ಸಲ ಏರಿದರೆ ತಲೆನೋವು, ವಾಂತಿ; ಇನ್ನೂ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದೂ ಉಂಟು.

ಏರು ಅಂದರೆ ಸಡಿಲ ಜಲ್ಲಿಯ ಏರು. ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿ ತುಳಿದರೂ ಚಕ್ರ ಮಾರು ದೂರ ಹೋಗೋದಿಲ್ಲ. ಮುಂದಕ್ಕೆ ಬಾಗಿದರೆ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಹಿಂದಕ್ಕೆ ಒರಗಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಲಾಂಗ್ಜಾ ಕಣ್ಣಿಗೆ ಬೀಳುವ ಹೊತ್ತಿಗೆ ನಾಲ್ವರೂ ಇಳಿದು ಸೈಕಲ್ ತಳ್ಳುತ್ತಿದ್ದೆವು.

ಇಳಿದು ತಳ್ಳುವುದು ನಮಗೇನು ಹೊಸದೇ? ನಮ್ಮ ಅಪ್ಪಂದಿರ ಕಾಲದಲ್ಲಿ ಸಾಲಸೋಲ ಮಾಡಿ ಸೈಕಲ್ ಕೊಂಡ ಹಟ್ಟಿಯವನು ಊರೊಳಗಿನ ಬೀದಿ ಬಂದ ಕೂಡಲೆ ಇಳಿಯಬೇಕಿತ್ತು. ಇಳಿಯದಿದ್ದರೆ ಜಗಲಿ ಮೇಲಿಂದ ಕೂಗು: 'ಏನ್ಲಾ, ನಮ್ ಮುಂದೇನೇ ತುಳ್ಕಂಡು ಹೋಯ್ತೀಯ?' ಅಲ್ಲಿ ಏರಿರಲಿಲ್ಲ, ಜಲ್ಲಿ ಇರಲಿಲ್ಲ, ಗಾಳಿಗೆ ಬರವಿರಲಿಲ್ಲ. ಕಾಲಲ್ಲಿ ಕಸುವೂ ಇತ್ತು. ಆದರೂ ಇಳಿದರು. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರದ ಸೈಕಲ್ ಬಂದಾಗ ನಮ್ಮ ಹೆಣ್ಣುಮಕ್ಕಳು ಅದೇ ಬೀದಿಯಲ್ಲಿ ಬೆಲ್ ಹೊಡೆದುಕೊಂಡು ಹೋದರಲ್ಲ, ಅದರ ಬೆಲೆ ಏನು ಅನ್ನೋದು ಹಳ್ಳಿ ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಲಾಂಗ್ಜಾದ ಏರಿನಲ್ಲಿ ನಮ್ಮನ್ನು ಇಳಿಸಿದ್ದು ಬೆಟ್ಟ. ಅದಕ್ಕೆ ಜಾತಿ ಗೊತ್ತಿಲ್ಲ, ಎಲ್ಲರನ್ನೂ ಇಳಿಸುತ್ತದೆ. ಇಳಿದು ತಳ್ಳುತ್ತಾ ನಮಗೆ ಒಂಥರಾ ಖುಷಿಯೇ ಆಯಿತು.

ಆದರೆ ಬೆಟ್ಟಕ್ಕೆ ಗೊತ್ತಿಲ್ಲದ್ದು ಮನುಷ್ಯನಿಗೆ ಗೊತ್ತು. ರಸ್ತೆ ಬದಿಯಲ್ಲಿ ಕಲ್ಲು ಒಡೆಯುತ್ತಿದ್ದವರು ಜಾರ್ಖಂಡಿನ ದುಮ್ಕಾ ಕಡೆಯ ಆದಿವಾಸಿಗಳು. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಒಬ್ಬ ಕೇಳಿದ: 'ಭಯ್ಯಾ, ಈ ಏರಲ್ಲಿ ಸೈಕಲ್ ತುಳಿಯೋಕೆ ನಿಮಗೆ ಎಷ್ಟು ಕೂಲಿ ಕೊಡ್ತಾರೆ?' ಕೂಲಿ ಇಲ್ಲ, ನಾವೇ ಬಾಡಿಗೆ ಕೊಟ್ಟು ತುಳೀತಿದ್ದೀವಿ ಅಂದೆವು. ಅವನು ಸುತ್ತಿಗೆ ಕೆಳಗಿಟ್ಟು ನಕ್ಕ. ಪಕ್ಕದವರಿಗೂ ಹೇಳಿದ, ಅವರೂ ನಕ್ಕರು. ಗಡಿನಾಡಿನ ರಸ್ತೆಗಳು ಇವರ ಬೆನ್ನಿನ ಮೇಲೆ ನಿಂತಿವೆ. 2020ರ ಜೂನ್‌ನಲ್ಲಿ, ಕೊರೋನಾ ನಡುವೆಯೇ, ಲಡಾಖಿನ ರಸ್ತೆ ಕೆಲಸಕ್ಕೆ ದುಮ್ಕಾದಿಂದ ವಿಶೇಷ ರೈಲಿನಲ್ಲಿ ಕೂಲಿಗಳನ್ನು ಕಳಿಸಿದ್ದರು. ನಿರ್ಜನ ನಾಡಂತೆ!

ರಾತ್ರಿ ಕೋಮಿಕ್‌ನ ಒಂದು ಮನೆಯಲ್ಲಿ ಉಳಿದೆವು. ಬುದ್ಧನ ನಾಡು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ಶರಣು ಹೋದ ಬುದ್ಧನ ನಾಡು. ಒಲೆ ಮುಂದೆ ಕೂತ ಮನೆಯ ಅಜ್ಜನನ್ನು ಹರಕು ಹಿಂದಿಯಲ್ಲಿ ಕೇಳಿದೆವು.

'ಮೇಮೇ, ನಿಮ್ಮ ಮದುವೆಗಳಲ್ಲಿ ಡೋಲು ಹೊಡೆಯೋರು ಯಾರು?'

'ಬೇದಾ ಜನ. ಅವರಿಲ್ಲದೆ ಮದುವೆ ಇಲ್ಲ.'

'ಊಟದ ಸಾಲಲ್ಲಿ ಅವರು ಎಲ್ಲಿ ಕೂರ್ತಾರೆ?'

ಅಜ್ಜ ಮಾತಾಡಲಿಲ್ಲ. ಕೈ ಬಾಗಿಲ ಕಡೆ ತೋರಿಸಿತು.

'ಕಮ್ಮಾರರು?'

ಕೈ ಅಲ್ಲೇ ಇತ್ತು.

ಪಕ್ಕದ ಲಡಾಖಿನಲ್ಲೂ ಇದೇ ಕತೆ. ವಾದ್ಯ ನುಡಿಸುವ ಬೇದಾ, ಮೋನ್. ಕಬ್ಬಿಣ ಬಡಿಯುವ ಗರ್ರಾ. 1989ರ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಈ ಮೂರೂ ಹೆಸರಿವೆ. ಸರ್ಕಾರದ ಪಟ್ಟಿಯಲ್ಲಿ ಎಲ್ಲರೂ ಬುಡಕಟ್ಟು. ಊಟದ ಸಾಲಿನಲ್ಲಿ ಮಾತ್ರ ಇವರು ಕೊನೆ. ನಮ್ಮ ತಮಟೆಯವರ ಕತೆ ಇದಕ್ಕಿಂತ ಬೇರೆಯೇ? ತಮಟೆ ಇಲ್ಲದೆ ಹಬ್ಬ ಇಲ್ಲ, ತಮಟೆ ಹೊಡೆದವನಿಗೆ ಒಳಗೆ ಜಾಗ ಇಲ್ಲ.

ಬೆಳಿಗ್ಗೆ ಹಿಕ್ಕಿಂಗೆ ಬಂದು ಕಾಲುದಾರಿ ಹಿಡಿದೆವು. ಹಿಕ್ಕಿಂನಲ್ಲಿ 1983ರಿಂದ ಅಂಚೆ ಕಚೇರಿ ಇದೆ. ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿಗಳಲ್ಲಿ ಒಂದು ಅಂತ ಪ್ರವಾಸಿಗಳು ಅದರ ಮುಂದೆ ಫೋಟೋ ಹೊಡೆಸಿಕೊಳ್ಳುತ್ತಾರೆ. ಅಲ್ಲಿನ ಕಾಗದಗಳನ್ನು ಕಾಲ್ನಡಿಗೆಯಲ್ಲಿ ಕಾಜಾಕ್ಕೆ ಮುಟ್ಟಿಸಿದವರ ಫೋಟೋ ಯಾರೂ ಹೊಡೆಯೋದಿಲ್ಲ. ಸೀಟು ತಗ್ಗಿಸಿ, ಮೈ ಹಿಂದಕ್ಕೆ ಸರಿಸಿ, ಬ್ರೇಕಿನ ಮೇಲೆ ಬೆರಳಿಟ್ಟು ಇಳಿದೆವು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಕಮರಿ. ತಿರುವಿನಲ್ಲಿ ಮುಂದಿನ ಬ್ರೇಕ್ ಜೋರಾಗಿ ಒತ್ತಿದರೆ ಕತೆ ಮುಗಿಯಿತು. ಉಳಿದವರು ಅಳುಕಿದ ಕಡೆ ಒಬ್ಬಳು ಗೆಳತಿ ಸೈಕಲ್ ಇಳಿಯದೆ ಸಾಗಿದಳು. 2006-07ರ ಆ ಮಕ್ಕಳಲ್ಲಿ ಅವಳೂ ಒಬ್ಬಳು.

ಹೀಗೆ ಬೆಟ್ಟ ಇಳಿಸಿದಾಗ ಇಳಿಯೋಣ, ಅದರಲ್ಲಿ ಅವಮಾನವಿಲ್ಲ. ಮನುಷ್ಯ ಇಳಿಸಿದರೆ ಇಳಿಯಬಾರದು. ಬಾಗಿಲ ಬಳಿಯ ಆ ಜಾಗ ಸ್ಪಿತಿಯಲ್ಲೂ ಇದೆ, ನಮ್ಮೂರಲ್ಲೂ ಇದೆ. ಅಲ್ಲಿ ಕೂತವರು ಎದ್ದು ಒಲೆಯ ಪಕ್ಕಕ್ಕೆ ಬರುವ ತನಕ, 4,500 ಮೀಟರ್ ಅಲ್ಲ, 8,000 ಮೀಟರ್ ಏರಿದರೂ ನಾವು ಏರಿದ್ದು ಬರೀ ಕಲ್ಲು.