ಭೀಮಗಡದ ಲೋಕಸಂಚಾರಿ ಮತ್ತು ಗುಹಾವಾಸಿ

ಬೆಳಗಾವಿ ಜಿಲ್ಲೆಯ ಖಾನಾಪುರದಿಂದ ಹೆಮ್ಮಡಗಾ ಕಡೆಗೆ ಹೊರಟರೆ ಬಯಲು ಹಿಂದೆ ಸರಿದು ಸಹ್ಯಾದ್ರಿಯ ದಟ್ಟ ಕಾಡು ಎದುರಾಗುತ್ತದೆ. ಮಹದಾಯಿ ನದಿ ಹುಟ್ಟುವ ಸೀಮೆಯಿದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಭೀಮಗಡ ಇಲ್ಲೇ ಇದೆ.

ಮಳೆಗಾಲ ಮುಗಿಯುತ್ತಿದ್ದಂತೆ, ನಾಡಿನ ಉಳಿದೆಡೆಯಂತೆ ಇಲ್ಲಿಯೂ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಹಿಂಡುಹಿಂಡಾಗಿ ಸುಳಿದಾಡುತ್ತವೆ. ಹೆಸರಿಗಷ್ಟೇ ಚಿಟ್ಟೆ, ಇದರ ಕುಲವೇ ಬೇರೆ. ಶಾಸ್ತ್ರೀಯ ಹೆಸರು ಪ್ಯಾಂಟಾಲ ಫ್ಲೇವೆಸೆನ್ಸ್. ಇದೇ ಕಾಡಿನಲ್ಲಿ, ತಳೇವಾಡಿ ಬಳಿಯ ಬಾರಾಪೆಡೆ ಗುಹೆಯಲ್ಲಿ, ರೌಟನ್ ಬಾವಲಿಯ ವಾಸ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು.

ಎರಡರ ಕಸುಬೂ ಒಂದೇ: ಹಾರುವ ಹುಳುಗಳ ಬೇಟೆ. ಒಂದರದು ಹಗಲು ಪಾಳಿ, ಇನ್ನೊಂದರದು ರಾತ್ರಿ ಪಾಳಿ. ಒಂದಕ್ಕೆ ತಲೆಯ ತುಂಬ ಕಣ್ಣು. ಇನ್ನೊಂದಕ್ಕೆ ಮುಖದ ಮುಂದಕ್ಕೆ ಚಾಚಿದ ದೊಡ್ಡ ಕಿವಿ, ತನ್ನದೇ ಕೂಗಿನ ಪ್ರತಿಧ್ವನಿ ಹಿಡಿಯಲು. ಕೀಟದ ನಾಲ್ಕು ರೆಕ್ಕೆಗಳಲ್ಲಿ ಮೂಳೆಯೇ ಇಲ್ಲ. ಬಾವಲಿಯದು ಬೆರಳುಗಳ ನಡುವೆ ಚರ್ಮ ಹರಡಿದ ಕೈ, ನಮ್ಮ ಕೈಯ ದಾಯಾದಿ!

ನಿಜವಾದ ವ್ಯತ್ಯಾಸವಿರುವುದು ನೆಲೆಯಲ್ಲಿ. ಐದು ಸೆಂಟಿಮೀಟರಿನಷ್ಟೇ ಉದ್ದದ ಈ ಕೀಟ ಗಾಳಿಯ ನೆರವಿನಿಂದ ಭಾರತದಿಂದ ಮಾಲ್ಡೀವ್ಸ್ ಮೂಲಕ ಸಮುದ್ರ ದಾಟಿ ಪೂರ್ವ ಆಫ್ರಿಕ ತಲಪುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ತರ್ಕಿಸಿದರು. ಹೋದದ್ದು ಮರಳುವುದಿಲ್ಲ, ಮರಳಿ ಬರುವುದು ಅದರ ಸಂತಾನ. ಮಳೆನೀರು ನಿಂತ ಹೊಂಡ ಸಿಕ್ಕರೆ ಸಾಕು, ಅಲ್ಲೇ ಮೊಟ್ಟೆ. ಮರಿಗಳು ಕೆಲವೇ ವಾರಗಳಲ್ಲಿ ಬೆಳೆದು, ರೆಕ್ಕೆ ಮೂಡಿ ಹೊರಡುತ್ತವೆ. ನೀರಲ್ಲಿರುವಾಗ ಅವು ತಿನ್ನುವುದರಲ್ಲಿ ಸೊಳ್ಳೆಯ ಮರಿಗಳೂ ಸೇರಿವೆ.

ಬಾವಲಿಯ ಕತೆ ತಿರುಗುಮುರುಗು. ಸುಮಾರು ತೊಂಬತ್ತು ವರ್ಷ ಕಾಲ ಲೋಕಕ್ಕೆ ಗೊತ್ತಿದ್ದ ಇದರ ಮನೆ ಬಾರಾಪೆಡೆ ಒಂದೇ. ಈ ಶತಮಾನದ ಆರಂಭದಲ್ಲಷ್ಟೇ ಮೇಘಾಲಯ, ಕಾಂಬೋಡಿಯಗಳಲ್ಲೂ ಇದು ಕಂಡುಬಂತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ಹುಲಿಗೆ ಕೊಡುವ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ಒಂದು ಹೊಂಡ ಬತ್ತಿದರೆ ಲೋಕಸಂಚಾರಿ ಮುಂದಿನದನ್ನು ಹುಡುಕಿಕೊಳ್ಳುತ್ತದೆ. ಗುಹೆಯೊಳಗೆ ಹೊಗೆ ಹಾಕಿದರೆ, ಕಲ್ಲು ಒಡೆದರೆ, ಗುಹಾವಾಸಿ ಹೋಗುವುದೆಲ್ಲಿಗೆ? ಆದ್ದರಿಂದ ಭೀಮಗಡಕ್ಕೆ ಮಕ್ಕಳೊಡನೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಲಿ, ಕಾಡು ನೋಡಲಿ. ಗುಹೆಯನ್ನು ಮಾತ್ರ ಬಾವಲಿಗಳಿಗೇ ಬಿಡಲಿ. ಏರೋಪ್ಲೇನ್ ಚಿಟ್ಟೆಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮಳೆ ನಿಂತ ಮೇಲೆ ಶಾಲೆಯ ಆಟದ ಮೈದಾನದಲ್ಲಿ ತಲೆಯೆತ್ತಿದರೆ ಸಾಕು. ಆದರೆ ಅದರ ಬಾಲಕ್ಕೆ ದಾರ ಕಟ್ಟುವುದು ಬೇಡ. ಅದಕ್ಕಿನ್ನೂ ಸಮುದ್ರ ದಾಟುವ ಕೆಲಸವಿದೆ.