ಮೊಣಕಾಲಿನ ಅಳತೆಯ ಮಂಚ

ಮಲೆನಾಡಿನ ಹಳೆಯ ಮನೆಗಳಲ್ಲಿ ಮಂಚಗಳು ಎತ್ತರವಾಗಿರುವುದಕ್ಕೆ ಕಾರಣವಿದೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದು ಹೊಯ್ಯುವ ಮಳೆಗೆ ಮಣ್ಣಿನ ನೆಲ ಬೆವರುತ್ತದೆ, ಗೋಡೆಯ ಬುಡದಿಂದ ಥಂಡಿ ಏರುತ್ತದೆ, ಜರಿ, ಚೇಳು, ಒಮ್ಮೊಮ್ಮೆ ಹಾವು ಕೂಡ ಬೆಚ್ಚಗಿನ ಮೂಲೆ ಹುಡುಕಿಕೊಂಡು ಒಳಗೆ ಬರುತ್ತವೆ. ಹೀಗಾಗಿ ಮಲಗುವ ಹಲಗೆಯನ್ನು ನೆಲದಿಂದ ಆದಷ್ಟು ಮೇಲಕ್ಕೆತ್ತಿ, ಕೆಳಗುಳಿದ ಜಾಗದಲ್ಲಿ ಟ್ರಂಕು, ತಾಮ್ರದ ಪಾತ್ರೆ, ಹಣ್ಣಿಗಿಟ್ಟ ಬಾಳೆಗೊನೆಗಳನ್ನು ಇಟ್ಟುಕೊಳ್ಳುವುದು ವಿವೇಕದ ಏರ್ಪಾಡೇ ಆಗಿತ್ತು. ಎಪ್ಪತ್ತು ದಾಟಿದವರ ಮೊಣಕಾಲು ಮಾತ್ರ ಈ ಲೆಕ್ಕದೊಳಗೆ ಬರಲಿಲ್ಲ.

ಮಂಚದ ಅಳತೆಯನ್ನು ಮಲಗುವವರ ದೇಹಕ್ಕಿಂತ ಬೇರೆ ಸಂಗತಿಗಳು ನಿರ್ಧರಿಸುತ್ತಿದ್ದುದು ಬಹಳ ಹಿಂದಿನಿಂದಲೂ ಉಂಟು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಹಾಸಿಗೆ ಮತ್ತು ಆಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದ್ದು, ಯಾವ ಮರ ಶುಭ, ಸಿಡಿಲು ಬಡಿದ ಮರವನ್ನು ಏಕೆ ಬಿಡಬೇಕು ಎಂಬ ವಿಚಾರದ ಜೊತೆಗೆ ಅರಸನ ಮಂಚಕ್ಕೆ 100 ಅಂಗುಲ, ರಾಜಕುಮಾರ, ಮಂತ್ರಿ, ಸೇನಾಪತಿ, ಪುರೋಹಿತರ ಮಂಚಗಳಿಗೆ ಕ್ರಮವಾಗಿ 90, 84, 78, 72 ಅಂಗುಲ ಉದ್ದವೆಂದೂ, ಕಾಲಿನ ಎತ್ತರ ಉದ್ದದ ಮೂರನೆಯ ಒಂದು ಭಾಗವೆಂದೂ ಹೇಳಲಾಗಿದೆ. ಅಂಗುಲವೆಂದರೆ ಬೆರಳಿನ ಅಗಲ, ಸುಮಾರು ಮುಕ್ಕಾಲು ಇಂಚು. 24 ಅಂಗುಲಕ್ಕೆ ಒಂದು ಮೊಳ. ಈ ಲೆಕ್ಕದಲ್ಲಿ ಅರಸ ಇಳಿಯಬೇಕಾದದ್ದು ಸುಮಾರು 25 ಇಂಚಿನ ಎತ್ತರದಿಂದ, ಪುರೋಹಿತ ಮಾತ್ರ ಒಂದು ಮೊಳದಿಂದ, ಅಂದರೆ 18 ಇಂಚಿನಿಂದ. ವಯಸ್ಸಾದವರಿಗೆ ಇಂದು ಸಾಮಾನ್ಯವಾಗಿ ಸೂಚಿಸುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಆಗಿರುವುದರಿಂದ, ಮುಪ್ಪಿನಲ್ಲಿ ಅರಸನಿಗಿಂತ ಪುರೋಹಿತನೇ ಸುಖಿಯಾಗಿದ್ದಿರಬೇಕು. ಬೌದ್ಧ ಭಿಕ್ಷುಗಳ ವಿನಯ ನಿಯಮವು ಮಂಚದ ಕಾಲನ್ನು ಎಂಟು ಬೆರಳಿಗೆ ಮಿತಗೊಳಿಸಿ ಇನ್ನೊಂದು ತುದಿಗೆ ಹೋಯಿತು. ಅಲ್ಲಿಯೂ ವೈರಾಗ್ಯವನ್ನು ನೋಡಿದರೇ ಹೊರತು ಕೀಲುಗಳನ್ನು ನೋಡಲಿಲ್ಲ.

ಈ ಪ್ರಬಂಧಕಾರನ ಮನೆಯಲ್ಲಿರುವುದು ಬೀಟೆಯ ಮಂಚ. ಅದರ ಕಡೆದ ಕಾಲುಗಳ ಮೇಲೆ ಚೌಕಟ್ಟು ಸೇರುವಲ್ಲಿ ಮೊಳೆಯ ಬದಲು ಬೆಣೆ ಬಡಿದಿದ್ದಾರೆ. ಸೊಳ್ಳೆಪರದೆಯ ಕೋಲು ನಿಲ್ಲಿಸಲು ನಾಲ್ಕು ಮೂಲೆಗಳಲ್ಲಿ ತೂತುಗಳಿವೆ. ಹಲಗೆಯವರೆಗೆ ಅದರ ಎತ್ತರ 20 ಇಂಚು. ಜಮಖಾನ ಮತ್ತು ಕಂಬಳಿ ಹಾಸುತ್ತಿದ್ದ ಕಾಲಕ್ಕೆ ಅದೇನೂ ಹೆಚ್ಚಲ್ಲ. ಅದರ ಮೇಲೆ ಮಕ್ಕಳು ಬೆಂಗಳೂರಿನಿಂದ ತಂದುಕೊಟ್ಟ ಆರು ಇಂಚಿನ ಫೋಮ್ ಹಾಸಿಗೆ ಬಿದ್ದ ದಿನ ಅದು 26 ಇಂಚಾಗಿ, ಅಜ್ಜಿಯ ಪಾದಗಳು ನೆಲ ಮುಟ್ಟದೆ ಗಾಳಿಯಲ್ಲಿ ಉಳಿದವು. ಇಂಥ ಕಡೆ ಮಂಚ ಹಳತೆಂದು ದೂರುವುದು ರೂಢಿ, ಆದರೆ ದೋಷವಿದ್ದದ್ದು ಹೊಸ ಹಾಸಿಗೆಯ ದಪ್ಪದಲ್ಲಿ. ಊರಿನ ಆಚಾರ್ರು ಒಂದು ಅಡಿಕೆ ದಬ್ಬೆಯನ್ನು ಅಜ್ಜಿಯ ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಹಿಡಿದು, ಅಲ್ಲಿ ಉಗುರಿನಿಂದ ಗೀರು ಹಾಕಿ, “ಅಮ್ಮಾ, ಮಂಚ ಇಲ್ಲಿಗೆ ನಿಲ್ಬೇಕು” ಎಂದರು. ಅಂಗಾಲು ಪೂರ್ತಿ ನೆಲಕ್ಕೂರಿ, ತೊಡೆ ಮುಂದಕ್ಕೆ ತುಸು ಇಳಿಜಾರಾಗಿರುವಂತೆ ಕೂರಲು ಸಾಧ್ಯವಾದರೆ ಏಳುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ ಎಂಬ ವೈದ್ಯರ ಮಾತೂ ದಬ್ಬೆಯ ಗೀರು ಹೇಳುವುದೂ ಒಂದೇ.

ಕಾಲು ಕತ್ತರಿಸುವುದು ಸುಲಭ, ಕತ್ತರಿಸಿದ ಬೀಟೆಯನ್ನು ಮತ್ತೆ ಬೆಸೆಯಲಾಗದು. ಸ್ವಂತ ಜಮೀನಿನಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲದ, 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿರ್ಬಂಧವಿರುವ ಮರ ಅದು. ಆದ್ದರಿಂದ ಮೊದಲು ಹಾಸಿಗೆಯನ್ನು ತೆಳುಮಾಡಿ, ತೆಂಗಿನ ನಾರಿನ ಗಟ್ಟಿ ಹಾಸಿಗೆಯನ್ನು ಹಾಕಿ ನೋಡುವುದು ಲೇಸು. ಬೂರುಗದ ಹತ್ತಿಯ ಹಾಸಿಗೆ ಮೆತ್ತಗಿದ್ದರೂ ಅಂಚಿನಲ್ಲಿ ಕುಸಿಯುವುದರಿಂದ, ಅದರ ಮೇಲೆ ಕುಳಿತವರು ಜಾರುವ ಭಯವಿದೆ. ಮಂಚ ತೀರ ತಗ್ಗಾಗಿದ್ದರೆ ಕಾಲು ಕೂರುವಷ್ಟು ಕುಳಿ ತೋಡಿದ ಮರದ ದಿಮ್ಮಿಗಳನ್ನು ನಾಲ್ಕೂ ಕಾಲಿಗೆ ಕೊಡಬಹುದು. ಕುಳಿಯಿಲ್ಲದ ಇಟ್ಟಿಗೆಯನ್ನು ಕೊಡುವುದು ಅಪಾಯ.

ಅಂಚಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿದು ರಕ್ತದೊತ್ತಡ ಕುಸಿಯುವುದನ್ನು ವೈದ್ಯರು ಭಂಗಿಜನ್ಯ ರಕ್ತದೊತ್ತಡ ಇಳಿತವೆನ್ನುತ್ತಾರೆ; ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಆ ಕಾರಣಕ್ಕೆ ಮುಪ್ಪಿನಲ್ಲಿ ಮಂಚ ಮೊದಲು ಕುರ್ಚಿಯಾಗಿ, ಒಂದೆರಡು ನಿಮಿಷ ಕೂತು ಸುಧಾರಿಸಿಕೊಳ್ಳುವ ಜಾಗವಾಗಬೇಕು. ಆಗ ಕೈ ಹುಡುಕುವುದು ಆಸರೆಯನ್ನು. ಹೆಚ್ಚಿನವರು ಹಿಡಿಯುವುದು ಸೊಳ್ಳೆಪರದೆಯ ಕೋಲನ್ನು, ಅದೋ ಬಟ್ಟೆಯ ಭಾರಕ್ಕಷ್ಟೇ ಮಾಡಿದ್ದು. ಗೋಡೆಗೆ ಅಥವಾ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದ ಹಿಡಿಯೇ ನಂಬಿಕೆಗೆ ಯೋಗ್ಯ. ಬೀಳದಿರಲೆಂದು ಮಂಚದ ಸುತ್ತ ಅಡ್ಡಪಟ್ಟಿ ಹೊಡೆಸುವವರು ಇನ್ನೊಂದು ಅಪಾಯವನ್ನು ತಿಳಿದಿರಬೇಕು: ಪಟ್ಟಿಗಳ ನಡುವೆ ತಲೆ ಸಿಕ್ಕಿ ಸಾವು ಸಂಭವಿಸಿದ್ದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ಆಸ್ಪತ್ರೆ ಮಂಚಗಳಿಗೆ ಮಾರ್ಗಸೂಚಿ ಹೊರಡಿಸಿ, ತಲೆ ಹೊಗಬಹುದಾದ ಸಂದು 120 ಮಿಲಿಮೀಟರಿಗಿಂತ, ಅಂದರೆ ಐದು ಇಂಚಿಗೂ ಕಡಿಮೆಯಿರಬೇಕೆಂದು ಹೇಳಿತು.

ಉಳಿದದ್ದು ದೀಪ ಮತ್ತು ದಾರಿ. ಮಳೆಗಾಲದ ರಾತ್ರಿ ಕರೆಂಟು ಹೋಗುವುದು ಈ ಭಾಗದಲ್ಲಿ ಸುದ್ದಿಯಲ್ಲವಾದ್ದರಿಂದ, ಮಲಗಿದಲ್ಲಿಂದಲೇ ಸಿಗುವ ಸ್ವಿಚ್ಚಿಗಿಂತಲೂ ದಿಂಬಿನ ಬಳಿಯ ಟಾರ್ಚು ಹೆಚ್ಚು ಉಪಯೋಗಿ. ಹಳೆಯ ಬಾಗಿಲುಗಳ ಎತ್ತರದ ಹೊಸ್ತಿಲನ್ನು ಕೀಳಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದರ ಅಂಚಿಗೆ ಬಿಳಿ ಬಣ್ಣದ ಪಟ್ಟೆ ಬಳಿದರೆ ಕತ್ತಲಲ್ಲಿ ತುಸುವಾದರೂ ಕಾಣುತ್ತದೆ. ಬಚ್ಚಲು ಹಿತ್ತಲ ಕಡೆಗಿರುವ ಮನೆಗಳಲ್ಲಂತೂ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಲು ಸಂಕೋಚಪಡುವುದು ಯಾರಿಗೂ ಒಳ್ಳೆಯದು ಮಾಡಿಲ್ಲ.

ಇದಕ್ಕೆಲ್ಲ ಬೇಕಾದದ್ದು ಬಡಗಿಯ ಒಂದು ದಿನದ ಕೆಲಸ ಮಾತ್ರ, ಅದನ್ನು ಮೃಗಶಿರಾ ಮಳೆ ಹಿಡಿಯುವ ಮೊದಲೇ ಮಾಡಿಸಿಕೊಳ್ಳಬೇಕು. ಮರ ಥಂಡಿ ಕುಡಿದು ಉಬ್ಬಿದ ಮೇಲೆ ಬಡಿದ ಬೆಣೆ ಬೇಸಗೆಗೆ ಸಡಿಲಾಗುತ್ತದೆ.