ಹೆಣದ ಪಾತ್ರ



ಸಿನಿಮಾ ವಿಮರ್ಶೆ ನನ್ನ ಕಸುಬಲ್ಲ. ಮೂವತ್ನಾಲ್ಕು ವರ್ಷ ಕನ್ನಡ ಪಾಠ ಹೇಳಿದವನಿಗೆ ಕಾಗುಣಿತದ ತಪ್ಪು ಕಂಡಷ್ಟು ಬೇಗ ಕ್ಯಾಮೆರಾದ ತಪ್ಪು ಕಾಣುವುದಿಲ್ಲ. ಆದರೂ ಈ ಬಾರಿ ಒಂದು ಸಿನಿಮಾದಿಂದಲೇ ಮಾತನ್ನು ಆರಂಭಿಸಬೇಕಾಗಿದೆ. ಅದು ಒಳ್ಳೆಯ ಸಿನಿಮಾ ಎಂದಲ್ಲ. ಅದನ್ನು ನೋಡುತ್ತ ಕುಳಿತ ದಿನ ನನ್ನದೇ ಒಂದು ಹಳೆಯ ತಪ್ಪು ಎದ್ದು ಬಂದು ಎದುರಿಗೆ ನಿಂತಿತು, ಅದಕ್ಕಾಗಿ.

ಕಳೆದ ತಿಂಗಳ ಒಂದು ಭಾನುವಾರ. ಉಪ್ಪಾರಹಳ್ಳಿಯ ನಮ್ಮ ಮನೆಗೆ ಬೆಂಗಳೂರಿನಿಂದ ಮಗಳೂ ಮೊಮ್ಮಗನೂ ಬಂದಿದ್ದರು. ಬೆಳಗಿನಿಂದ ಜಿಟಿಜಿಟಿ ಮಳೆ. ಹೊರಗೆ ಹೋಗುವಂತಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗ ತನ್ನ ತಾಯಿಯ ಮೊಬೈಲನ್ನು ಟೀವಿಗೆ ಜೋಡಿಸಿ, "ತಾತ, ಒಂದು ಜಾಂಬಿ ಸಿನಿಮಾ ನೋಡೋಣ ಬನ್ನಿ" ಎಂದ. ಅದೇ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನೆದ ಕೊಡೆ ಮಡಿಸುತ್ತ ಒಳಗೆ ಬಂದ. ಗುಬ್ಬಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದಾನೆ. ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಬಂದಿದ್ದ. ಮಳೆ ನಿಲ್ಲುವವರೆಗೆ ಕುಳಿತಿರು ಎಂದು ಬಲವಂತ ಮಾಡಿದೆ. ಅವನೂ ನಮ್ಮೊಡನೆ ಪ್ರೇಕ್ಷಕನಾದ.

"ಜಾಂಬಿ ಎಂದರೆ ಏನಪ್ಪ?" ಎಂದು ನನ್ನಾಕೆ ಕೇಳಿದಳು. ಕೆರಿಬಿಯನ್ ಸಮುದ್ರದ ಹೈಟಿ ದೇಶದ ಜನರ ನಂಬಿಕೆ ಅದು. ಮಾಂತ್ರಿಕನು ಸತ್ತವನನ್ನು ಎಬ್ಬಿಸಿ, ಬುದ್ಧಿಯಿಲ್ಲದ ಆಳಾಗಿ ದುಡಿಸಿಕೊಳ್ಳುತ್ತಾನಂತೆ. ಕಬ್ಬಿನ ತೋಟಗಳಲ್ಲಿ ಗುಲಾಮಗಿರಿ ಅನುಭವಿಸಿದ ಜನರಿಗೆ, ಸತ್ತ ಮೇಲೂ ದುಡಿತ ತಪ್ಪದು ಎಂಬುದಕ್ಕಿಂತ ದೊಡ್ಡ ಭಯ ಮತ್ತೇನಿದ್ದೀತು? 1932ರಲ್ಲಿಯೇ 'ವೈಟ್ ಜಾಂಬಿ' ಎಂಬ ಅಮೆರಿಕದ ಚಿತ್ರ ಇದನ್ನು ತೆರೆಗೆ ತಂದಿತು. ಇಷ್ಟನ್ನು ಹೇಳಿ, ನಮ್ಮ ಬೇತಾಳನೂ ಹೆಣದೊಳಗೆ ಹೊಕ್ಕವನೇ ಎಂದು ಸೇರಿಸಿದೆ. ಸಿನಿಮಾ ಅರ್ಧ ಮುಗಿಯುವ ಹೊತ್ತಿಗೆ ನನ್ನಾಕೆ, "ಬೇತಾಳನಾದರೂ ವಿಕ್ರಮನಿಗೆ ಕತೆ ಹೇಳುತ್ತಿದ್ದ, ಇವರು ಅದನ್ನೂ ಹೇಳುವುದಿಲ್ಲವಲ್ಲ" ಎಂದು ಅಡುಗೆಮನೆಗೆ ಎದ್ದು ಹೋದಳು. ಅಂದು ನಮ್ಮ ಮನೆಯಲ್ಲಿ ಬಂದ ಒಳ್ಳೆಯ ವಿಮರ್ಶೆ ಅದೊಂದೇ.

ನಾವು ನೋಡಿದ್ದು 2013ರ ಏಪ್ರಿಲ್‌ನಲ್ಲಿ ತೆರೆಕಂಡ 'ರೈಸ್ ಆಫ್ ದಿ ಜಾಂಬಿ' ಎಂಬ ಹಿಂದಿ ಚಿತ್ರ. ಲ್ಯೂಕ್ ಕೆನಿ ಮತ್ತು ದೇವಕಿ ಸಿಂಗ್ ನಿರ್ದೇಶಿಸಿದ್ದು, ಮುಖ್ಯಪಾತ್ರವೂ ಕೆನಿಯವರದೇ. ಮುಂದಿನ ತಿಂಗಳೇ ಸೈಫ್ ಅಲಿ ಖಾನರಂತಹ ತಾರೆಯಿದ್ದ 'ಗೋ ಗೋವಾ ಗಾನ್' ಬಂದಿತು. ಇದಕ್ಕೆ ಅಂತಹ ತಾರಾಬಲವಾಗಲಿ ಹಣದ ಬಲವಾಗಲಿ ಇರಲಿಲ್ಲ. ಬಡತನದ ಮೇಲೆ ನನಗೆ ಆಕ್ಷೇಪವಿಲ್ಲ. ಬೆಡ್‌ಶೀಟನ್ನೇ ಪರದೆ ಮಾಡಿಕೊಂಡು ಶಾಲೆಯಲ್ಲಿ ನಾಟಕ ಆಡಿಸಿದವನು ನಾನು.

ಕತೆಯ ಕಲ್ಪನೆ ಚೆನ್ನಾಗಿಯೇ ಇದೆ. ವನ್ಯಜೀವಿಗಳ ಚಿತ್ರ ತೆಗೆಯುವ ಛಾಯಾಗ್ರಾಹಕನೊಬ್ಬ ಪ್ರೀತಿಸಿದವಳಿಂದ ದೂರವಾಗಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಯಾವುದೋ ಹುಳು ಕಚ್ಚುತ್ತದೆ. ಗಾಯ ಮಾಯುವುದಿಲ್ಲ, ಅವನೊಳಗಿನ ಮನುಷ್ಯ ಮೆಲ್ಲಮೆಲ್ಲನೆ ಸಾಯುತ್ತಾನೆ, ದೇಹ ಮಾತ್ರ ಉಳಿದು ಹಸಿಯುತ್ತದೆ. ಹಿಂಡುಹಿಂಡಾಗಿ ಬರುವ ಪ್ರೇತಗಳನ್ನು ಬಿಟ್ಟು ಒಬ್ಬನೇ ಒಬ್ಬನ ಅವನತಿಯನ್ನು ತೋರಿಸಲು ಹೊರಟ ಧೈರ್ಯವನ್ನು ಮೆಚ್ಚಬೇಕು. ಆದರೆ ಕಲ್ಪನೆ ಹೊಳೆದ ಮೇಲೆ ಅದನ್ನು ಬೆಳೆಸುವ ಕೆಲಸ ಉಳಿದೇ ಹೋಯಿತು. ಅಲೆಯುವುದು, ಗಾಯ ನೋಡಿಕೊಳ್ಳುವುದು, ಕೈಗೆ ಸಿಕ್ಕಿದ್ದನ್ನು ಹಿಡಿದು ತಿನ್ನುವುದು, ಮತ್ತೆ ಅಲೆಯುವುದು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಪ್ರಶ್ನೆಯನ್ನೇ ತಿರುತಿರುಗಿಸಿ ಎರಡು ಪುಟ ಬರೆದಂತಾಯಿತು. ಕೊನೆಗೆ ಇನ್ನೊಂದು ಭಾಗ ಬರಲಿದೆ ಎಂಬ ಆಸೆ ಹುಟ್ಟಿಸಿ ಚಿತ್ರ ಕೈತೊಳೆದುಕೊಳ್ಳುತ್ತದೆ.

ನಟನೆಯ ಏರುಪೇರು ನನ್ನನ್ನು ಹೆಚ್ಚು ಕಾಡಿತು. ಕೆನಿ ಕಾಡಿನಲ್ಲಿ ಒಬ್ಬರೇ ಇರುವಾಗ, ಮಾತಿಲ್ಲದಾಗ, ಬೆನ್ನು ಬಾಗಿ ಕಣ್ಣು ಕಳೆಗುಂದುವಾಗ ನಂಬುವಂತಿದ್ದಾರೆ. ಊರಿನ ದೃಶ್ಯಗಳು ಬಂದೊಡನೆ ಎಲ್ಲರೂ ಮಾತನ್ನು ಒಪ್ಪಿಸಿ ಹೋಗುವವರೇ. ಪ್ರೇಯಸಿಯಾಗಿ ಕೀರ್ತಿ ಕುಲ್ಹಾರಿ, ಗೆಳೆಯನಾಗಿ ಅಶ್ವಿನ್ ಮುಶ್ರನ್ ಇದ್ದಾರೆ. ಇಬ್ಬರೂ ಬಾರದವರಲ್ಲ, ಆಕೆ ಮುಂದೆ 2016ರ 'ಪಿಂಕ್'ನಲ್ಲಿ ಎಷ್ಟು ಚೆನ್ನಾಗಿ ಅಭಿನಯಿಸಿದರು! ಇಲ್ಲಿ ಮಾತ್ರ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ತನ್ನ ಸರದಿ ಬರುವವರೆಗೆ ಸುಮ್ಮನೆ ಕಾಯುವವನು ನಟನಲ್ಲ, ಬಸ್ಸಿಗೆ ಕಾಯುವ ಪ್ರಯಾಣಿಕ.

ಮೊಮ್ಮಗ ಎಷ್ಟು ಅಂಕ ಎಂದು ಕೇಳಿದ. ನೂರಕ್ಕೆ ಮೂವತ್ತೈದು, ದಡ ಮುಟ್ಟಿದ್ದಾರೆ ಎಂದೆ. ಅಷ್ಟಕ್ಕೆ ನಿಲ್ಲಿಸದೆ ಅವನಿಗೆ ಗುಬ್ಬಿ ಕಂಪನಿಯ ಕತೆ ಹೇಳತೊಡಗಿದೆ. ನಮ್ಮ ಮನೆಗೆ ಇಪ್ಪತ್ತು ಕಿಲೋಮೀಟರ್ ದೂರದ ಊರು. ಅಲ್ಲಿ 1884ರಲ್ಲಿ ಹುಟ್ಟಿದ ನಾಟಕ ಸಂಘವನ್ನು ವರನಟ ಗುಬ್ಬಿ ವೀರಣ್ಣನವರು ನಾಡಿಗೇ ಹೆಸರಾಗಿಸಿದರು. ತಿಪಟೂರಿನ ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಎಲ್ಲರೂ ಅಲ್ಲಿ ಪಳಗಿದವರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಆ ಕಂಪನಿ ಸೇರಿ ಚಿಕ್ಕಪುಟ್ಟ ಪಾತ್ರ ಮಾಡುತ್ತಿದ್ದ ಹುಡುಗನೇ ಮುಂದೆ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದದ್ದು. "ಕಂಪನಿಯಲ್ಲಿ ಚಿಕ್ಕ ಪಾತ್ರ, ದೊಡ್ಡ ಪಾತ್ರ ಎಂಬುದಿಲ್ಲ. ಮಾತಿಲ್ಲದೆ ಈಟಿ ಹಿಡಿದು ನಿಂತ ಸೇವಕನೂ ನಟನೇ" ಎಂದು ದೊಡ್ಡದಾಗಿ ಉಪದೇಶ ಮಾಡಿದೆ.

ಮಿಲ್ಲಿನ ಗೆಳೆಯ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಕಾಫಿ ಲೋಟ ಹಿಡಿದು ಕೇಳುತ್ತಿದ್ದ.

ಮಳೆ ನಿಲ್ಲಲಿಲ್ಲ. ಮೊಮ್ಮಗ, "ಇದರ ತಾತನನ್ನೇ ತೋರಿಸುತ್ತೇನೆ" ಎಂದು 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಹಾಕಿದ. ಜಾರ್ಜ್ ರೊಮೆರೊ ಎಂಬ ಯುವಕ ಗೆಳೆಯರೊಡನೆ ಹಣ ಕೂಡಿಸಿ, ಪಿಟ್ಸ್‌ಬರ್ಗ್ ನಗರದ ಆಸುಪಾಸಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರ. ಖರ್ಚು ಒಂದು ಲಕ್ಷ ಡಾಲರಿಗಿಂತ ತುಸು ಹೆಚ್ಚು. ಹಾಲಿವುಡ್ಡಿನ ಲೆಕ್ಕದಲ್ಲಿ ಪುಡಿಗಾಸು. ರಕ್ತಕ್ಕೆ ಚಾಕೊಲೇಟ್ ಪಾನಕ ಬಳಸಿದರು. ನಿರ್ಮಾಪಕರೇ ವೇಷ ಹಾಕಿದರು. ಸ್ಮಶಾನದಲ್ಲಿ ಮೊದಲು ಎದುರಾಗುವ ಪ್ರೇತ ಅವರ ಕ್ಯಾಮೆರಾ ವಿಭಾಗದಲ್ಲಿ ದುಡಿಯುತ್ತಿದ್ದವನೇ. ಚಿತ್ರದ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋದದ್ದರಿಂದ ಅದು ಸಾರ್ವಜನಿಕರ ಸೊತ್ತಾಗಿಹೋಯಿತು. ತಮಾಷೆಯೆಂದರೆ ಚಿತ್ರದಲ್ಲಿ ಜಾಂಬಿ ಎಂಬ ಪದವೇ ಇಲ್ಲ.

ಇಲ್ಲಿಯೂ ನಟನೆ ಏರುಪೇರೇ. ನಾಯಕ ಡ್ಯುಯೇನ್ ಜೋನ್ಸ್ ಕಂಬದಂತೆ ನಿಂತಿದ್ದರೆ, ಉಳಿದವರಲ್ಲಿ ಕೆಲವರು ಸುಮ್ಮನೆ ಕಿರುಚುತ್ತಾರೆ. ಆದರೂ ಚಿತ್ರ ಕುಸಿಯುವುದಿಲ್ಲ. ಮೊಮ್ಮಗ ಏಕೆ ಎಂದು ಕೇಳಿದ. ನಾಯಕ ಹಿಡಿದು ನಿಲ್ಲಿಸಿದ್ದಾನೆ ಎಂದೆ. "ಹೊರಗೆ ನಡೆಯುತ್ತಿದ್ದಾರಲ್ಲ ತಾತ, ಆ ಜನ?" ಎಂದ. "ಅವರದೇನು ಮಹಾ? ಮಾತಿಲ್ಲ ಕತೆಯಿಲ್ಲ. ಕೈ ಚಾಚಿಕೊಂಡು ನಡೆದರಾಯಿತು" ಎಂದುಬಿಟ್ಟೆ. ಅರ್ಧ ಗಂಟೆಯ ಹಿಂದೆ ಈಟಿಯ ಸೇವಕನ ಬಗ್ಗೆ ಉಪದೇಶ ಮಾಡಿದ ಬಾಯಿ ಅದೇ.

ಆಗ ಮಿಲ್ಲಿನ ಗೆಳೆಯ ನಕ್ಕು, ನಿಧಾನವಾಗಿ ಹೇಳಿದ: "ಹೆಣದ ಪಾರ್ಟು ಅಷ್ಟು ಸುಲಭ ಅಲ್ಲ ಸಾರ್. ನಾನು ಮಾಡಿದೀನಲ್ಲ."

1986ನೆಯ ಇಸವಿಯ ಮಾತು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ವಾರ್ಷಿಕೋತ್ಸವಕ್ಕೆ 'ಸತ್ಯ ಹರಿಶ್ಚಂದ್ರ' ಆಡಿಸಿದೆವು. 1965ರ ಸಿನಿಮಾ ನೋಡಿದ್ದ ಹುಡುಗರೆಲ್ಲರಿಗೂ ರಾಜ್‌ಕುಮಾರ್ ಆಗುವ ಆಸೆ. ಇವನಿಗೂ ಪಾತ್ರ ಬೇಕಿತ್ತು. ಆದರೆ ಹುಡುಗ ಉಗ್ಗುತ್ತಿದ್ದ. ಹಾಜರಿ ಹೇಳಲೂ ಒದ್ದಾಡುತ್ತಿದ್ದ. ನನಗೆ ಮರುಕವೇನೋ ಇತ್ತು. ಸ್ಮಶಾನದ ದೃಶ್ಯದ ಲೋಹಿತಾಶ್ವನನ್ನು ಅವನಿಗೆ ಕೊಟ್ಟೆ. ಹಾವು ಕಚ್ಚುವುದಕ್ಕೆ ಮುಂಚಿನ ಲೋಹಿತಾಶ್ವನನ್ನು ಮಾತು ಬಲ್ಲ ಬೇರೊಬ್ಬ ಹುಡುಗ ಮಾಡಿದ. ಸತ್ತ ಮೇಲಿನವನು ಇವನು. "ನಿನಗೆ ಮಾತಿಲ್ಲ, ಸುಮ್ಮನೆ ಮಲಗಿದರೆ ಸಾಕು" ಎಂದು ನಾನು ಹೇಳಿದ್ದು ನನಗೆ ನೆನಪಿರಲಿಲ್ಲ. ಅವನಿಗೆ ನೆನಪಿತ್ತು.

ನಾಟಕದ ರಾತ್ರಿ ನೀಲಿ ಕಾಗದ ಕಟ್ಟಿದ ಬಲ್ಬಿನ ಬೆಳಕಿನಲ್ಲಿ ಚಂದ್ರಮತಿ ಮಗನ ಹೆಣವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಳಾಡುತ್ತಿದ್ದಾಗ, ಹೆಣದ ತುಟಿ ಅಲುಗಾಡಿತು. ಮುಂದಿನ ಸಾಲಿನ ಮಕ್ಕಳು ಗೊಳ್ಳೆಂದು ನಕ್ಕರು. ಊರ ಹಿರಿಯರೂ ನಕ್ಕರು. ಪರದೆ ಬಿದ್ದ ಮೇಲೆ ಎಲ್ಲರ ಎದುರಿಗೆ ಅವನ ಕೆನ್ನೆಗೆ ಹೊಡೆದೆ. "ಹೆಣವಾಗಿ ಮಲಗುವುದಕ್ಕೂ ಬರಲಿಲ್ಲವಲ್ಲೋ ನಿನಗೆ!" ಎಂದೆ. ಮಾರನೆಯ ದಿನದಿಂದ ಹುಡುಗರು ಅವನನ್ನು ಕರೆದದ್ದು 'ಹೆಣ' ಎಂದೇ.

"ಆವತ್ತು ಏನಾಯಿತು ಅಂತ ಯಾವತ್ತೂ ಹೇಳಿರಲಿಲ್ಲ ಸಾರ್" ಎಂದ ಅವನು. "ಚಂದ್ರಮತಿಗೆ ಮಾತು ಮರೆತುಹೋಯಿತು. ಕೈ ನಡುಗ್ತಾ ಇತ್ತು ಅವನಿಗೆ. ಪರದೆ ಪಕ್ಕ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಎರಡು ತಿಂಗಳು ಪ್ರಾಕ್ಟೀಸಿನಲ್ಲಿ ಕೂತು ಕೂತು ನನಗೆ ಇಡೀ ನಾಟಕ ಬಾಯಿಗೆ ಬಂದಿತ್ತು. ಕಣ್ಣು ಮುಚ್ಚಿಕೊಂಡೇ ಹೇಳಿಕೊಟ್ಟೆ. ಪಿಸುಮಾತಿನಲ್ಲಿ ನನಗೆ ಉಗ್ಗು ಬರೋದಿಲ್ಲ ಸಾರ್."

ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡಬೇಕಾಗಿದ್ದವನು ನಾನು. ಮುಖ್ಯ ಅತಿಥಿಗಳಿಗೆ ಕಾಫಿ ಹೋಯಿತೋ ಇಲ್ಲವೋ ನೋಡಲು ಮುಂದಕ್ಕೆ ಹೋಗಿದ್ದೆ. ಅಲ್ಲಿಂದಲೇ ಹೆಣದ ತುಟಿ ಅಲುಗಿದ್ದನ್ನು ಕಂಡದ್ದು.

ನನಗೆ ಮಾತು ಹೊರಡಲಿಲ್ಲ. ಟೀವಿಯಲ್ಲಿ ಆ ಮೂಕ ಜನ ಕಿಟಕಿಗೆ ಕೈ ಹಾಕುತ್ತಿದ್ದರು. ಮೊಮ್ಮಗ ಸದ್ದು ತಗ್ಗಿಸಿದ.

ಉಗ್ಗುವವರಲ್ಲಿ ಅನೇಕರು ಪಿಸುಗುಡುವಾಗ, ಹಾಡುವಾಗ, ಹತ್ತು ಜನರೊಡನೆ ಒಟ್ಟಿಗೆ ಹೇಳುವಾಗ ಸರಾಗವಾಗಿ ಮಾತಾಡಬಲ್ಲರು ಎಂಬುದನ್ನು ನಾನು ನಿವೃತ್ತನಾದ ಮೇಲೆ ಓದಿ ತಿಳಿದೆ. ಈ ಹುಡುಗ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ನನ್ನ ಕಣ್ಣೆದುರೇ ಹಾಡುತ್ತಿದ್ದ. ಒಂದು ದಿನವೂ ತಡವರಿಸಲಿಲ್ಲ. ಅದನ್ನು ಕೇಳಿಸಿಕೊಳ್ಳುವುದಕ್ಕೆ ಪುಸ್ತಕ ಬೇಕಾಗಿರಲಿಲ್ಲ, ಕಿವಿ ಬೇಕಾಗಿತ್ತು. ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದಿಲ್ಲವೆಂದು ಆ ಬಡ ಸಿನಿಮಾದವರಿಗೆ ಮೂವತ್ತೈದು ಅಂಕ ಕೊಟ್ಟ ಮೇಷ್ಟ್ರು ನಾನು.

"ತಪ್ಪಾಯಿತಪ್ಪ" ಎಂದೆ. ಅವನು ಕೈ ಹಿಡಿದುಕೊಂಡ. "ಏಟು ಅವತ್ತೇ ಮರೆತುಹೋಯಿತು ಸಾರ್. ಹೆಸರು ಮಾತ್ರ ಎಸ್ಸೆಸ್ಸೆಲ್ಸಿ ತನಕ ಬಿಡಲಿಲ್ಲ. ಈಗ ಮಿಲ್ಲಿನ ಸದ್ದಿನಲ್ಲಿ ನನ್ನ ಉಗ್ಗು ಯಾರಿಗೂ ಕೇಳೋದಿಲ್ಲ, ಆರಾಮಾಗಿದೀನಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಚಂದ್ರಮತಿ ಮಾಡಿದವನ ಹೆಸರನ್ನು ಅವನು ಅಂದು ಏಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳಿದ್ದರೆ ಅವನಿಗೆ ಬೀಳ್ತಿತ್ತಲ್ಲ ಸಾರ್" ಎಂದ.

ಮಳೆ ನಿಂತ ಮೇಲೆ ಗೇಟಿನವರೆಗೂ ಹೋಗಿ ಕಳುಹಿಸಿ ಬಂದೆ. ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ; ಹೆಸರು ಬೇಡ ಎಂದಿದ್ದಾನೆ. ಆ ವರ್ಷದ ತಂಡದಲ್ಲಿದ್ದವರಿಗೆ ಹೆಸರಿಲ್ಲದೆಯೂ ಗುರುತು ಸಿಕ್ಕೀತು. ನಿಮ್ಮಲ್ಲಿ ಹಲವರಿಗೆ ಅವನ ಮನೆಯ ಲಗ್ನಪತ್ರಿಕೆ ತಲುಪಿರಬಹುದು. ಮದುವೆಗೆ ತಪ್ಪದೆ ಹೋಗಿ. ಹಳೆಯ ಸಲಿಗೆಯಲ್ಲಿ ಆ ಅಡ್ಡಹೆಸರನ್ನು ಮಾತ್ರ ಅಲ್ಲಿ ಕೂಗಬೇಡಿ. ಅದು ಹುಟ್ಟಿದ್ದು ನನ್ನ ಬಾಯಿಂದ. ಇಲ್ಲಿ, ನಿಮ್ಮೆಲ್ಲರ ಎದುರಿಗೆ, ನಾನು ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಎಲ್ಲರ ಎದುರಿಗೆ ಹೊಡೆದವನು ಎಲ್ಲರ ಎದುರಿಗೇ ತಪ್ಪೊಪ್ಪಿಕೊಳ್ಳಬೇಕು.

ಅಂದಿನ ನಾಟಕ ನಿಲ್ಲದೆ ಮುಂದೆ ಸಾಗಿದ್ದು ಮಲಗಿದ್ದ ಆ ಹುಡುಗನಿಂದ. ಜಾಗ ಬಿಟ್ಟು ಹೋದವನು ಒಬ್ಬನೇ. ಅವನಿಗೆ ನೂರಕ್ಕೆ ಎಷ್ಟು ಎಂಬುದನ್ನು ನೀವೇ ಹಾಕಿ. ನಾನು ಮರುಎಣಿಕೆಗೆ ಅರ್ಜಿ ಹಾಕುವುದಿಲ್ಲ.